ಬೀಟು ಜಮೈಕಾದ್ದು, ಮಾತು ಮಾನ್ವಿಯದ್ದು

ರಾಯಚೂರು, ದೇವದುರ್ಗ, ಮಾನ್ವಿ ಕಡೆ ಹಾಡಿಗೇನೂ ಬರವಿಲ್ಲ. 2016ರ ಸೆಪ್ಟೆಂಬರಿನಲ್ಲಿ ಜಿಯೊ ಬಂದು ಡೇಟಾ ಅಗ್ಗವಾದ ಮೇಲಂತೂ ಹಾಸ್ಟೆಲ್ ಕೋಣೆಯಲ್ಲಿ ಬರೆದ ರ್‍ಯಾಪು, ಮದುವೆ ವಿಡಿಯೊ ಮಾಡುವ ಸ್ಟುಡಿಯೊದಲ್ಲಿ ಮುದ್ರಿಸಿದ ಜಾನಪದ ಡಿಜೆ ಹಾಡು, ಟ್ರ್ಯಾಕ್ಟರ್ ಮೇಲೆ ಕೂತು ಮಾಡಿದ ರೀಲ್ಸು ಎಲ್ಲವೂ ಒಂದೇ ಪರದೆಗೆ ಬಂದು ಬೀಳುತ್ತಿವೆ. ಬರ ಇರುವುದು ಬೇರೆ ಕಡೆ. ಈ ಹಾಡುಗಳನ್ನು ಕೂತು ಕೇಳಿ, ಚೆನ್ನಾಗಿದ್ದರೆ ಯಾಕೆ ಚೆನ್ನಾಗಿದೆ, ಕೆಟ್ಟಿದ್ದರೆ ಎಲ್ಲಿ ಕೆಟ್ಟಿದೆ ಎಂದು ಹೇಳುವವರು ಬೇಕು. ಬರೆದವರ, ಹಾಡಿದವರ, ಬಾರಿಸಿದವರ ಹೆಸರನ್ನು ಸರಿಯಾಗಿ ದಾಖಲಿಸಿ ಹತ್ತು ವರ್ಷದ ಮೇಲೂ ಸಿಗುವಂತೆ ಇಡುವವರು ಬೇಕು. ನ್ಯೂಯಾರ್ಕ್, ಲಂಡನ್, ಕಿಂಗ್‌ಸ್ಟನ್‌ಗಳಲ್ಲಿ ಹಿಪ್‌ಹಾಪ್ ಮತ್ತು ಕೆರಿಬಿಯನ್ ಸಂಗೀತ ಬೆಳೆದದ್ದು ಹಾಡುಗಾರರ ಬಲವೊಂದರಿಂದಲೇ ಅಲ್ಲ. ಅವರ ಬೆನ್ನಿಗೆ ನಿಂತ ಸಣ್ಣಪುಟ್ಟ ಸ್ವತಂತ್ರ ಮಾಧ್ಯಮಗಳ ದುಡಿಮೆಯೂ ಅದರಲ್ಲಿದೆ. ನಮ್ಮಲ್ಲಿ ಅಂಥದ್ದು ಚಿಗುರಲು ದುಡ್ಡಿಗಿಂತ ಹೆಚ್ಚಾಗಿ ಅಡ್ಡ ಬರುತ್ತಿರುವುದು ಕೆಲವು ತಪ್ಪು ಕಲ್ಪನೆಗಳು.

ತಪ್ಪು ಕಲ್ಪನೆ: ಹಿಪ್‌ಹಾಪ್ ಅಮೆರಿಕದ ಸರಕು. ಕೆರಿಬಿಯನ್‌ಗೂ ಅದಕ್ಕೂ ಸಂಬಂಧವಿಲ್ಲ.

ವಾಸ್ತವ: ಹಿಪ್‌ಹಾಪಿನ ಹುಟ್ಟುದಿನವೆಂದು ಜಗತ್ತು ಆಚರಿಸುವುದು 1973ರ ಆಗಸ್ಟ್ 11ನ್ನು. ಆ ದಿನ ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ, 1520 ಸೆಜ್‌ವಿಕ್ ಅವೆನ್ಯೂ ಎಂಬ ವಸತಿ ಕಟ್ಟಡದ ಸಾರ್ವಜನಿಕ ಕೋಣೆಯಲ್ಲಿ, ಸಿಂಡಿ ಕ್ಯಾಂಪ್‌ಬೆಲ್ ಎಂಬ ಹುಡುಗಿ ಒಂದು ಪಾರ್ಟಿ ಏರ್ಪಡಿಸಿದ್ದಳು. ಶಾಲೆ ಶುರುವಾಗುವ ಮುಂಚೆ ಹೊಸ ಬಟ್ಟೆಗೆ ನಾಲ್ಕು ಕಾಸು ಕೂಡಿಸುವುದು ಅವಳ ಉದ್ದೇಶ. ಪ್ರವೇಶ ಶುಲ್ಕ ಹುಡುಗಿಯರಿಗೆ 25 ಸೆಂಟ್, ಹುಡುಗರಿಗೆ 50 ಸೆಂಟ್. ರೆಕಾರ್ಡ್ ಹಾಕಿದವನು ಅವಳ ಅಣ್ಣ ಕ್ಲೈವ್, ಅಂದರೆ ಮುಂದೆ ಡಿಜೆ ಕೂಲ್ ಹರ್ಕ್ ಎಂದು ಹೆಸರಾದವನು. ಅವನು ಹುಟ್ಟಿದ್ದು 1955ರಲ್ಲಿ, ಜಮೈಕಾದ ಕಿಂಗ್‌ಸ್ಟನ್‌ನಲ್ಲಿ. ಬ್ರಾಂಕ್ಸ್‌ಗೆ ಬಂದದ್ದು 1967ರಲ್ಲಿ. ಹಾಡಿನ ನಡುವೆ ಬರೀ ಡ್ರಮ್ಮು ಬಾರಿಸುವ ತುಣುಕು ಬಂದಾಗಲೇ ಜನ ಹೆಚ್ಚು ಕುಣಿಯುತ್ತಾರೆ ಎಂಬುದನ್ನು ಗಮನಿಸಿದ ಅವನು ಒಂದೇ ರೆಕಾರ್ಡಿನ ಎರಡು ಪ್ರತಿಗಳನ್ನು ಇಟ್ಟುಕೊಂಡು ಆ ತುಣುಕನ್ನೇ ಹಿಂದುಮುಂದು ಮಾಡಿ ಬೆಳೆಸಿದ. ಅದರ ಮೇಲೆ ಮಾತು ಬಂತು, ಮಾತಿಗೆ ಪ್ರಾಸ ಬಂತು.

ಹರ್ಕ್ ತಂದ ದೊಡ್ಡ ಸ್ಪೀಕರುಗಳ ರೂಢಿ ಕಿಂಗ್‌ಸ್ಟನ್ ಬೀದಿಯದು. 1950ರ ದಶಕದಲ್ಲಿ ಅಲ್ಲಿನ ಬಡವರ ಮನೆಯಲ್ಲಿ ರೇಡಿಯೊಗ್ರಾಮ್ ಇರಲಿಲ್ಲ. ಇದ್ದ ರೇಡಿಯೊ ಕೇಂದ್ರಗಳು ಬಡವರ ಹಾಡನ್ನು ಮುಟ್ಟುತ್ತಿರಲಿಲ್ಲ. ಕಾಕ್ಸನ್ ಡಾಡ್, ಡ್ಯೂಕ್ ರೀಡ್‌ನಂಥವರು ಬೀದಿಯಲ್ಲಿ ಸ್ಪೀಕರ್ ಪೇರಿಸಿ ಹಾಡು ಹಾಕಿದರು. ಹೊಸ ರೆಕಾರ್ಡನ್ನು ಮೊದಲು ಬೀದಿಯ ಜನರ ಮುಂದೆ ಹಾಕಿ, ಅವರು ಕುಣಿದರೆ ಮಾತ್ರ ಹೆಚ್ಚಿನ ಪ್ರತಿ ಒತ್ತಿಸುತ್ತಿದ್ದರು. ಮೈಕು ಹಿಡಿದವನು ಹಾಡಿನ ಮೇಲೆ ಮಾತು ಹರಿಸುತ್ತಿದ್ದ. 1970ರಲ್ಲಿ ಯು-ರಾಯ್ ಎಂಬ ಮಾತುಗಾರನ ರೆಕಾರ್ಡುಗಳು ಜಮೈಕಾದ ಜನಪ್ರಿಯ ಪಟ್ಟಿಯ ಮೇಲ್ತುದಿಗೆ ಹೋದವು. ಹೀಗಾಗಿ ಸೌಂಡ್ ಸಿಸ್ಟಮ್ ಎಂಬುದು ಒಂದು ಸಲಕರಣೆಯಷ್ಟೇ ಆಗಿರಲಿಲ್ಲ, ಅದು ಸುದ್ದಿಮನೆಯೂ ವಿಮರ್ಶೆಯ ಕಟ್ಟೆಯೂ ಆಗಿತ್ತು. ನಮ್ಮೂರಲ್ಲಿ ಏಪ್ರಿಲ್ 14ರಂದು ಅಂಬೇಡ್ಕರ್ ಜಯಂತಿಯ ಮೆರವಣಿಗೆಗೆ, ಗಣೇಶನನ್ನು ಕಳಿಸುವ ರಾತ್ರಿಗೆ ಲಾರಿ ಮೇಲೆ ಬಾಕ್ಸು ಪೇರಿಸುವ ಡಿಜೆ ಹುಡುಗನೂ ಊರು ಯಾವ ಹಾಡು ಕೇಳಬೇಕೆಂದು ತೀರ್ಮಾನಿಸುವವನೇ. ಅವನನ್ನು ಗದ್ದಲ ಮಾಡುವವನೆಂದು ಮಾತ್ರ ನೋಡುವುದರಿಂದ ಅವನ ಕೈಯಲ್ಲಿರುವ ಸಂಪಾದಕನ ಅಧಿಕಾರ ನಮ್ಮ ಕಣ್ಣಿಗೆ ಬೀಳುವುದಿಲ್ಲ.

ತಪ್ಪು ಕಲ್ಪನೆ: ಕೆರಿಬಿಯನ್ ದ್ವೀಪಗಳು ನಮಗೆ ಕ್ರಿಸ್ ಗೇಲ್ ಮೂಲಕ ಮಾತ್ರ ಗೊತ್ತು. ಬೇರೆ ನಂಟೇನೂ ಇಲ್ಲ.

ವಾಸ್ತವ: ಗೇಲ್ ನಂಟೂ ಸಣ್ಣದಲ್ಲ. 2013ರ ಏಪ್ರಿಲ್ 23ರಂದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಅವರು ಹೊಡೆದ ಔಟಾಗದ 175 ರಾಯಚೂರಿನ ಚಹಾದಂಗಡಿಗಳಲ್ಲಿ ಇವತ್ತಿಗೂ ಮಾತಾಗುತ್ತದೆ. ಆ ಮೈದಾನದ ಮೊದಲ ಟೆಸ್ಟ್ ಕೂಡ 1974ರ ನವೆಂಬರಿನಲ್ಲಿ ವೆಸ್ಟ್ ಇಂಡೀಸ್ ವಿರುದ್ಧವೇ ನಡೆದದ್ದು. ವಿವ್ ರಿಚರ್ಡ್ಸ್, ಗಾರ್ಡನ್ ಗ್ರಿನಿಜ್ ಇಬ್ಬರೂ ಟೆಸ್ಟಿಗೆ ಕಾಲಿಟ್ಟದ್ದು ಅಲ್ಲಿ.

ಆದರೆ ನಂಟು ಕ್ರಿಕೆಟ್ಟಿಗಿಂತ ಹಳೆಯದು, ನೋವಿನದು. ಗುಲಾಮಗಿರಿ ನಿಂತ ಮೇಲೆ ಕಬ್ಬಿನ ತೋಟಗಳಿಗೆ ಆಳು ಬೇಕಾದಾಗ ಬ್ರಿಟಿಷರು ಕರಾರಿನ ಮೇಲೆ ಭಾರತೀಯರನ್ನು ಹಡಗಿಗೆ ತುಂಬಿದರು. ಗಯಾನಾಕ್ಕೆ 1838ರ ಮೇ ತಿಂಗಳಲ್ಲಿ, ಟ್ರಿನಿಡಾಡ್‌ಗೆ 1845ರ ಮೇ 30ರಂದು ಮೊದಲ ಹಡಗುಗಳು ಮುಟ್ಟಿದವು. 1917ರಲ್ಲಿ ಈ ಪದ್ಧತಿ ನಿಲ್ಲುವ ಹೊತ್ತಿಗೆ ಟ್ರಿನಿಡಾಡ್ ಒಂದಕ್ಕೇ ಸುಮಾರು 1,44,000 ಮಂದಿ ಹೋಗಿದ್ದರು. ಹೆಚ್ಚಿನವರು ಭೋಜಪುರಿ ಸೀಮೆಯವರು. ಮದ್ರಾಸ್ ಬಂದರಿನಿಂದ ಹೋದ ದಕ್ಷಿಣದವರೂ ಇದ್ದರು. ಅವರ ಮೊಮ್ಮಕ್ಕಳು ಮದುವೆಮನೆಯ ಹಾಡನ್ನು ಕೆರಿಬಿಯನ್ ತಾಳಕ್ಕೆ ಕೂಡಿಸಿದ್ದರಿಂದ ‘ಚಟ್ನಿ’ ಎಂಬ ಸಂಗೀತ ಹುಟ್ಟಿತು. ಸುಂದರ್ ಪೋಪೊ 1970ರ ಸುಮಾರಿಗೆ ಅಜ್ಜ-ಅಜ್ಜಿಯ ಮೇಲೆ ಹಾಡಿದ ಹಾಡು ಅದಕ್ಕೆ ಬಾಗಿಲು ತೆರೆಯಿತು. 1980ರ ದಶಕದಲ್ಲಿ ದ್ರೌಪತಿ ರಾಮಗೂನಾಯ್ ಎಂಬ ಹೆಣ್ಣುಮಗಳು ‘ಚಟ್ನಿ ಸೋಕಾ’ ಎಂಬ ಹೆಸರನ್ನೇ ಊರಿಗೆ ಊರು ಹಾಡುವಂತೆ ಮಾಡಿದಳು. ಗುಳೆ ಹೋದವರ ಹಾಡು ಅದು. ಗುಳೆ ಎಂದರೇನೆಂದು ದೇವದುರ್ಗದವರಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ.

ಇನ್ನು ಆಫ್ರಿಕಾದಿಂದ ಬಂದವರ ವಂಶ ಕರ್ನಾಟಕದಲ್ಲೇ ಇದೆ. ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ಧಿಗಳು ದಮಾಮ್ ಎಂಬ ಚರ್ಮವಾದ್ಯ ಬಾರಿಸುತ್ತ ಶತಮಾನಗಳಿಂದ ಇಲ್ಲಿನವರೇ ಆಗಿದ್ದಾರೆ. 2003ರಲ್ಲಿ ಅವರು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. 2020ರಲ್ಲಿ ಶಾಂತಾರಾಮ ಸಿದ್ಧಿ ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡರು. ‘ಸಲಗ’ ಚಿತ್ರಕ್ಕೆ ಚರಣ್ ರಾಜ್ ಸಂಗೀತದಲ್ಲಿ ಬಂದ ‘ಟಿಣಿಂಗ ಮಿಣಿಂಗ ಟಿಶ್ಶ’ ಹಾಡಿನಲ್ಲಿ ಸಿದ್ಧಿ ಕಲಾವಿದರನ್ನು ಕಂಡು ಕರ್ನಾಟಕ ಕುಣಿಯಿತು. ಕುಣಿದವರಲ್ಲಿ ಎಷ್ಟು ಮಂದಿ ಆ ಕಲಾವಿದರ ಹೆಸರು ಹೇಳಬಲ್ಲರು? ಅದನ್ನು ಹೇಳಿಕೊಡುವ ಕೆಲಸ ಮಾಧ್ಯಮದ್ದು.

ತಪ್ಪು ಕಲ್ಪನೆ: ಕನ್ನಡಕ್ಕೆ, ಅದರಲ್ಲೂ ರಾಯಚೂರಿನ ಕನ್ನಡಕ್ಕೆ, ರ್‍ಯಾಪ್ ಒಗ್ಗುವುದಿಲ್ಲ.

ವಾಸ್ತವ: ಈ ಮಾತು ಕೇಳಿದಾಗ ನನಗೆ ನಿಜವಾಗಿ ಸಂಕಟವಾಗುತ್ತದೆ. ಯಾಕೆಂದರೆ ಪ್ರಾಸ, ಲಯ, ಕೊನೆಯಲ್ಲಿ ತನ್ನ ಮುದ್ರೆ ಒತ್ತುವ ಕಲೆ, ಇವು ಮೂರೂ ಈ ಮಣ್ಣಲ್ಲಿ ಬೇರು ಬಿಟ್ಟಿರುವಷ್ಟು ಬೇರೆ ಕಡೆ ಬಿಟ್ಟಿರುವುದು ಅಪರೂಪ. ಹದಿನೆಂಟನೆಯ ಶತಮಾನದ ದಾಸ ಸಾಹಿತ್ಯದ ಭೂಪಟ ಬಿಡಿಸಿದರೆ ಅದು ಹೆಚ್ಚುಕಡಿಮೆ ನಮ್ಮ ತಾಲ್ಲೂಕುಗಳ ಭೂಪಟವೇ. ವಿಜಯದಾಸರು ಚೀಕಲಪರ್ವಿಯವರು, ಗೋಪಾಲದಾಸರು ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನವರು, ಜಗನ್ನಾಥದಾಸರು ಮಾನ್ವಿ ಸೀಮೆಯ ಬ್ಯಾಗವಾಟದವರು. ಬೀದಿಯಲ್ಲಿ ನಡೆಯುತ್ತ ಹಾಡಿದವರು ಇವರು. ಹಾಡಿನ ಕೊನೆಗೆ ವಿಜಯವಿಠಲ, ಗೋಪಾಲವಿಠಲ, ಜಗನ್ನಾಥವಿಠಲ ಎಂದು ಅಂಕಿತ ಇಟ್ಟರು. ರ್‍ಯಾಪ್ ಹಾಡುವವನು ಹಾಡಿನೊಳಗೇ ತನ್ನ ಹೆಸರು ಹೇಳಿಕೊಂಡರೆ ಅಹಂಕಾರ ಎನ್ನುವವರು ಅಂಕಿತದ ಉಪಕಾರವನ್ನು ನೆನೆಯಬೇಕು. ಇನ್ನೂರೈವತ್ತು ವರ್ಷಗಳ ಮೇಲೂ ಯಾವ ಪದ ಯಾರದೆಂದು ನಾವು ಹೇಳಬಲ್ಲೆವು. ಮುದ್ರೆಯಿಲ್ಲದ ಎಷ್ಟೋ ಜಾನಪದ ಹಾಡುಗಳ ಕವಿಗಳು, ಅವರಲ್ಲಿ ಹೆಚ್ಚಿನವರು ಹೆಂಗಸರು, ಹೆಸರಿಲ್ಲದೆ ಹೋಗಿಬಿಟ್ಟರು.

ಲಯದ ವಿಷಯ ಇನ್ನೂ ಸ್ವಾರಸ್ಯದ್ದು. ಜಗನ್ನಾಥದಾಸರ ‘ಹರಿಕಥಾಮೃತಸಾರ’ ಇರುವುದು ಭಾಮಿನಿ ಷಟ್ಪದಿಯಲ್ಲಿ. ಅದರ ನಡೆ ಮೂರು-ನಾಲ್ಕು, ಮೂರು-ನಾಲ್ಕು ಮಾತ್ರೆ. ರ್‍ಯಾಪಿನ ಬೀಟು ನಾಲ್ಕರದು. ಈ ಕಡೆಯ ಹುಡುಗ ಬೀಟಿನ ಮೇಲೆ ಬರೆಯಲು ಕೂತಾಗ ಕಿವಿ ಮೂರಕ್ಕೆ ಎಳೆಯುತ್ತದೆ, ಡ್ರಮ್ಮು ನಾಲ್ಕಕ್ಕೆ ಎಳೆಯುತ್ತದೆ. ಇದನ್ನು ದೋಷವೆಂದು ತಿದ್ದಿಕೊಳ್ಳುವವರೇ ಹೆಚ್ಚು. ಆದರೆ ಟ್ರ್ಯಾಪ್ ಎಂಬ ಇವತ್ತಿನ ರ್‍ಯಾಪ್ ಶೈಲಿಯಲ್ಲಿ ಒಂದು ಎಣಿಕೆಯನ್ನು ಮೂರಾಗಿ ಒಡೆದು ಹಾಡುವುದೇ ಚಂದ. ನಮ್ಮ ಕಿವಿಯಲ್ಲಿ ಮೊದಲೇ ಇರುವ ಆ ಮೂರನ್ನು ನಾಲ್ಕರ ಮೇಲೆ ಕೂರಿಸಿದರೆ ಹುಟ್ಟುವ ಎಳೆತ ಬೆಂಗಳೂರಿನ ಹಾಡಿಗೂ ಇರುವುದಿಲ್ಲ, ಮುಂಬೈ ಹಾಡಿಗೂ ಇರುವುದಿಲ್ಲ. ಪ್ರಾಸವನ್ನು ಸಾಲಿನ ಕೊನೆಗೆ ತರುವುದೊಂದೇ ದಾರಿಯಲ್ಲ ಎಂಬುದನ್ನೂ ಹಳೆಗನ್ನಡದಿಂದ ಬಂದ ಎರಡನೆಯ ಅಕ್ಷರದ ಪ್ರಾಸ ನಮಗೆ ಕಲಿಸಿದೆ. ಮೊಹರಂನಲ್ಲಿ ಹಿಂದೂಗಳೂ ಮುಸ್ಲಿಮರೂ ಒಟ್ಟಾಗಿ ಹೆಜ್ಜೆ ಹಾಕುತ್ತ ಕರ್ಬಲಾದ ಕಥೆ ಹೇಳುವ ರಿವಾಯತ್ ಪದಗಳಲ್ಲಿ ಸವಾಲು-ಜವಾಬು ಇದೆ, ಗುಂಪು ಎತ್ತಿಕೊಳ್ಳುವ ಪಲ್ಲವಿ ಇದೆ.

ಹೊರಗಿನ ರೂಪವೊಂದು ಇಲ್ಲಿ ಕನ್ನಡವಾಗುವುದೂ ಹೊಸತಲ್ಲ. ಉರ್ದುವಿನ ಗಜಲನ್ನು ಕನ್ನಡದ ಮನೆಮಗಳಾಗಿ ಬೆಳೆಸಿದವರು ಇದೇ ಜಿಲ್ಲೆಯ ಹೆಂಬೆರಾಳದ ಶಾಂತರಸರು. ಅವರ ಮಗಳು ಎಚ್.ಎಸ್. ಮುಕ್ತಾಯಕ್ಕ ಆ ದಾರಿಯನ್ನು ಮುಂದೆ ಒಯ್ದರು. ಗಜಲ್ ಬಂದಾಗ ಕನ್ನಡ ಕೆಡಲಿಲ್ಲ. ಕನ್ನಡ, ತೆಲುಗು, ದಖನಿ ಉರ್ದು ಮೂರನ್ನೂ ಒಂದೇ ಉಸಿರಿನಲ್ಲಿ ಆಡುವ ರಾಯಚೂರಿನ ಹುಡುಗನಿಗೆ ಪ್ರಾಸದ ಮೂರು ಖಜಾನೆಗಳು ಕೈಯಳತೆಯಲ್ಲಿವೆ. ಅವನು ‘ಹೋಗುತ್ತಿದ್ದೇನೆ’ ಎಂದು ಬರೆದುಕೊಂಡು ತಾಳಕ್ಕೆ ಸಿಗದೆ ಒದ್ದಾಡುವುದನ್ನು ಬಿಟ್ಟು ‘ಹೊಂಟೀನಿ’ ಎಂದರೆ ಸಾಲು ತಾನಾಗಿ ಕೂರುತ್ತದೆ. ಇದನ್ನು ಅವನಿಗೆ ಹೇಳುವ ಒಬ್ಬ ಸಂಪಾದಕ ಬೇಕು, ಅಷ್ಟೇ.

ತಪ್ಪು ಕಲ್ಪನೆ: ಚಾನೆಲ್ ತೆರೆದು ವಿಡಿಯೊ ಹಾಕಿದರೆ ಅದೇ ಸ್ವತಂತ್ರ ಮಾಧ್ಯಮ.

ವಾಸ್ತವ: ವಿಡಿಯೊ ಹಾಕುವುದು ಮೊದಲ ದಿನದ ಕೆಲಸ. ಮಾಧ್ಯಮ ಆಗುವುದು ವರ್ಷಗಳ ಕೆಲಸ. ಹೇಗೆಂದು ತಿಳಿಯಲು ಮೂರು ಕಥೆ ಹೇಳಬೇಕು.

ಮೊದಲನೆಯದು ಕ್ಲಾಡಿಯಾ ಜೋನ್ಸ್ ಅವರದು. ಟ್ರಿನಿಡಾಡ್‌ನಲ್ಲಿ 1915ರಲ್ಲಿ ಹುಟ್ಟಿ, ಅಮೆರಿಕದಲ್ಲಿ ಬೆಳೆದು, ರಾಜಕೀಯ ನಿಲುವಿಗಾಗಿ ಜೈಲು ಕಂಡು, 1955ರಲ್ಲಿ ಗಡೀಪಾರಾಗಿ ಲಂಡನ್ನಿಗೆ ಬಂದ ಹೆಂಗಸು. 1958ರಲ್ಲಿ ಬ್ರಿಕ್ಸ್‌ಟನ್‌ನ ಒಂದು ರೆಕಾರ್ಡ್ ಅಂಗಡಿಯ ಮೇಲಿನ ಮಹಡಿಯಲ್ಲಿ ‘ವೆಸ್ಟ್ ಇಂಡಿಯನ್ ಗೆಜೆಟ್’ ಶುರು ಮಾಡಿದರು. ಅದೇ ವರ್ಷದ ಬೇಸಿಗೆಯ ಕೊನೆಗೆ ನಾಟಿಂಗ್ ಹಿಲ್‌ನಲ್ಲಿ ಕಪ್ಪು ಜನರ ಮೇಲೆ ಹಲ್ಲೆಗಳಾದವು. ಕ್ಲಾಡಿಯಾ ಸಂಪಾದಕೀಯ ಬರೆದು ಸುಮ್ಮನಾಗಲಿಲ್ಲ. 1959ರ ಜನವರಿ 30ರಂದು ಸೇಂಟ್ ಪ್ಯಾಂಕ್ರಸ್ ಪುರಭವನದಲ್ಲಿ ಕೆರಿಬಿಯನ್ ಕಾರ್ನಿವಲ್ ನಡೆಸಿದರು. ಬಿಬಿಸಿ ಅದನ್ನು ತೋರಿಸಿತು. ಕಾರ್ನಿವಲ್ಲಿನ ಕೈಪಿಡಿ ಮಾರಿ ಬಂದ ಹಣದ ಒಂದು ಭಾಗ, ಗಲಭೆ ಪ್ರಕರಣಗಳಲ್ಲಿ ಸಿಕ್ಕ ಕಪ್ಪು ಹಾಗೂ ಬಿಳಿ ಹುಡುಗರ ದಂಡ ಕಟ್ಟಲಿಕ್ಕೆಂದು ಆ ಕೈಪಿಡಿಯಲ್ಲೇ ಅಚ್ಚಾಗಿತ್ತು. ಇಂದಿನ ನಾಟಿಂಗ್ ಹಿಲ್ ಕಾರ್ನಿವಲ್ಲಿನ ಬೇರು ಹುಡುಕಿದರೆ ಈ ಪತ್ರಿಕೆಯ ಮಹಡಿಗೂ ಬರಬೇಕಾಗುತ್ತದೆ. ಮನರಂಜನೆ ಬೇರೆ, ಗಂಭೀರ ಸುದ್ದಿ ಬೇರೆ ಎನ್ನುವ ವಿಂಗಡಣೆ ಕ್ಲಾಡಿಯಾ ಅವರಿಗಿರಲಿಲ್ಲ. ಪತ್ರಿಕೆ ಕೊನೆಯವರೆಗೂ ಸಾಲದಲ್ಲೇ ಇತ್ತು. 1964ರ ಡಿಸೆಂಬರಿನಲ್ಲಿ ಅವರು ತೀರಿಕೊಂಡ ಮೇಲೆ ಹೆಚ್ಚು ಕಾಲ ಬಾಳಲಿಲ್ಲ. ಒಬ್ಬರ ಹೆಗಲ ಮೇಲೆ ನಿಂತದ್ದು ಅವರೊಂದಿಗೆ ಹೋಗುತ್ತದೆ. ಎರಡನೆಯವರನ್ನು ಮೊದಲ ದಿನದಿಂದಲೇ ತಯಾರು ಮಾಡಬೇಕು.

ಎರಡನೆಯದು ‘ದಿ ಸೋರ್ಸ್’. 1988ರಲ್ಲಿ ಹಾರ್ವರ್ಡ್‌ನ ವಿದ್ಯಾರ್ಥಿಗಳಾದ ಡೇವಿಡ್ ಮೇಸ್, ಜಾನ್ ಶೆಕ್ಟರ್ ತಮ್ಮ ಕಾಲೇಜು ರೇಡಿಯೊದ ರ್‍ಯಾಪ್ ಕಾರ್ಯಕ್ರಮದ ಕೇಳುಗರಿಗಾಗಿ ಹೊರಡಿಸಿದ ಸುದ್ದಿಪತ್ರ ಅದು. ಕೇಳುಗರ ವಿಳಾಸಗಳೇ ಬಂಡವಾಳ. ಕೆಲವೇ ವರ್ಷಗಳಲ್ಲಿ ಹಿಪ್‌ಹಾಪಿನ ಅತಿ ದೊಡ್ಡ ಪತ್ರಿಕೆಯಾಯಿತು. ಅದು ಕೊಡುವ ‘ಐದು ಮೈಕು’ಗಳ ಅಂಕಕ್ಕಾಗಿ ಹಾಡುಗಾರರು ಕಾಯುತ್ತಿದ್ದರು. 1994ರಲ್ಲಿ ಮೇಸ್ ತಮಗೆ ಬೇಕಾದ ಒಂದು ತಂಡದ ಬಗ್ಗೆ ಸಂಪಾದಕರಿಗೆ ತಿಳಿಸದೆ ಲೇಖನ ತೂರಿಸಿದರು. ಸಹ-ಸ್ಥಾಪಕ ಶೆಕ್ಟರ್ ಸೇರಿದಂತೆ ಸಂಪಾದಕ ಬಳಗ ಹೊರನಡೆಯಿತು. ಪತ್ರಿಕೆ ಮುಂದೆಯೂ ಮಾರಾಟವಾಯಿತು, ಆದರೆ ಅದರ ಮಾತಿನ ತೂಕ ಕುಸಿಯತೊಡಗಿತು. ದುಡ್ಡು ಪಡೆದು ಹೊಗಳಿದ್ದನ್ನು ವಿಮರ್ಶೆಯೆಂದು ಬಡಿಸುವ ನಮ್ಮ ಊರಿನ ಪುಟಗಳು ಈ ಕಥೆಯನ್ನು ಓದಬೇಕು. ಭಾರತದಲ್ಲೂ 2023ರ ಜನವರಿಯಲ್ಲಿ ಕೇಂದ್ರ ಗ್ರಾಹಕ ಇಲಾಖೆ ಹೊರಡಿಸಿದ ಸೂಚನೆಯಂತೆ, ಹಣ ಅಥವಾ ಉಡುಗೊರೆ ಪಡೆದು ಮಾಡಿದ ಪ್ರಚಾರವನ್ನು ಹಾಗೆಂದು ನೋಡುಗರಿಗೆ ತಿಳಿಸಲೇಬೇಕು.

ಮೂರನೆಯದು ನಮ್ಮ ಕಾಲದ್ದು. ಪಶ್ಚಿಮ ಲಂಡನ್ನಿನ ಜಮಾಲ್ ಎಡ್ವರ್ಡ್ಸ್ ಎಂಬ ಹುಡುಗನಿಗೆ ಮನೆಯವರು ಕ್ರಿಸ್‌ಮಸ್‌ಗೆ ಒಂದು ವಿಡಿಯೊ ಕ್ಯಾಮೆರಾ ಕೊಟ್ಟರು. 2006ರಲ್ಲಿ ಅವನು ಎಸ್‌ಬಿ ಟಿವಿ ಶುರು ಮಾಡಿದ. ದೊಡ್ಡ ವಾಹಿನಿಗಳು ಮೂಸಿಯೂ ನೋಡದ, ಗ್ರೈಮ್ ಎಂಬ ಲಂಡನ್ನಿನದೇ ರ್‍ಯಾಪ್ ಶೈಲಿಯ ಹಾಡುಗಾರರನ್ನು ಬೀದಿಯಲ್ಲೇ ನಿಲ್ಲಿಸಿ, ಎಡಿಟಿಂಗಿನ ಮಿನುಗಿಲ್ಲದೆ, ಒಂದೇ ಓಘದಲ್ಲಿ ಹಾಡಿಸಿ ಚಿತ್ರೀಕರಿಸಿದ. ಬಿಡದೆ ಮಾಡಿದ, ವಾರ ವಾರ ಮಾಡಿದ. 2010ರಲ್ಲಿ ಅಲ್ಲಿ ಹಾಡಿದವರಲ್ಲಿ ಎಡ್ ಶೀರನ್ ಒಬ್ಬ. ಆಗ ಅವನನ್ನು ಬಲ್ಲವರು ಕಡಿಮೆ. 2022ರ ಫೆಬ್ರವರಿಯಲ್ಲಿ ಜಮಾಲ್ 31ರ ಹರೆಯದಲ್ಲೇ ತೀರಿಕೊಂಡಾಗ ಬ್ರಿಟನ್ನಿನ ಒಂದು ಇಡೀ ಪೀಳಿಗೆಯ ಹಾಡುಗಾರರು ಅವನಿಗೆ ಋಣ ಹೇಳಿದರು. ಒಂದೇ ಚೌಕಟ್ಟು, ಒಂದೇ ಶಿಸ್ತು, ಯಾರೇ ಬಂದರೂ ಅದೇ ಅವಕಾಶ: ಈ ಸರಳ ಪದ್ಧತಿಗೆ ಬೇಕಾದ ಸಲಕರಣೆ ಇವತ್ತು ಮಾನ್ವಿಯ ಪ್ರತಿಯೊಂದು ಮದುವೆ ಸ್ಟುಡಿಯೊದಲ್ಲೂ ಇದೆ.

ಕರ್ನಾಟಕದ್ದೇ ಉದಾಹರಣೆ ಬೇಕೆಂದರೆ ಕೋಲಾರ ಜಿಲ್ಲೆಯ ಬೂದಿಕೋಟೆಗೆ ಹೋಗಬೇಕು. ಹಳ್ಳಿಯವರಿಗೆ ರೇಡಿಯೊ ಪರವಾನಗಿ ಸಿಗದ 2001ರ ಕಾಲದಲ್ಲಿ ‘ನಮ್ಮ ಧ್ವನಿ’ ಎಂಬ ಸಮುದಾಯ ರೇಡಿಯೊದವರು ಕೇಬಲ್ ತಂತಿಯ ಮೂಲಕವೇ ಮನೆಮನೆಗೆ ಕಾರ್ಯಕ್ರಮ ಕಳಿಸಿದರು. ಸ್ವಯಂಸೇವಾ ಸಂಸ್ಥೆಗಳಿಗೆ ಸಮುದಾಯ ರೇಡಿಯೊ ನಡೆಸಲು ಕೇಂದ್ರ ಸರ್ಕಾರ ಅನುಮತಿ ಕೊಟ್ಟದ್ದು 2006ರಲ್ಲಿ. ದಾರಿ ತೆರೆಯುವವರೆಗೆ ಅವರು ಕಾಯುತ್ತ ಕೂರಲಿಲ್ಲ.

ತಪ್ಪು ಕಲ್ಪನೆ: ವ್ಯೂಸ್ ಬಂದರೆ ದುಡ್ಡು ಬಂದಂತೆ.

ವಾಸ್ತವ: ಯೂಟ್ಯೂಬಿನಲ್ಲಿ ಜಾಹೀರಾತಿನ ಪಾಲು ಸಿಗಬೇಕಾದರೆ 1,000 ಚಂದಾದಾರರು, ಜೊತೆಗೆ 12 ತಿಂಗಳಲ್ಲಿ 4,000 ಗಂಟೆಗಳ ವೀಕ್ಷಣೆ ಅಥವಾ 90 ದಿನಗಳಲ್ಲಿ ಶಾರ್ಟ್ಸ್‌ಗೆ 1 ಕೋಟಿ ವೀಕ್ಷಣೆ ಬೇಕು. ಆ ಮೇಲೂ ಉದ್ದ ವಿಡಿಯೊದ ಜಾಹೀರಾತು ಹಣದಲ್ಲಿ 55 ಪ್ರತಿಶತ, ಶಾರ್ಟ್ಸ್‌ನಲ್ಲಿ ಪಾಲಿಗೆ ಬಂದದ್ದರ 45 ಪ್ರತಿಶತ ಮಾತ್ರ ಮಾಡಿದವರಿಗೆ. ಬೀಟು ಅಂತರ್ಜಾಲದಿಂದ ಪುಕ್ಕಟೆ ಇಳಿಸಿಕೊಂಡದ್ದಾದರೆ, ಅದು ಲಾಭವಿಲ್ಲದ ಬಳಕೆಗೆ ಮಾತ್ರ ಪುಕ್ಕಟೆ ಎಂದು ಅಲ್ಲೇ ಸಣ್ಣಕ್ಷರದಲ್ಲಿ ಬರೆದಿರುವುದು ಸಾಮಾನ್ಯ. ಹಾಡು ಓಡಿದ ದಿನ ಬೀಟಿನ ಒಡೆಯ ಹಕ್ಕು ಕೇಳುತ್ತಾನೆ, ಬಂದ ಹಣ ಅವನಿಗೆ ಹೋಗುತ್ತದೆ. ಇದು ಮೋಸವಲ್ಲ, ನ್ಯಾಯವೇ. ಹುಡುಗರಿಗೆ ಅದನ್ನು ಮೊದಲೇ ತಿಳಿಸಿ ಹೇಳುವವರಿರಲಿಲ್ಲ ಎಂಬುದು ಬೇಸರ.

‘ಎಂಜಾಯ್ ಎಂಜಾಮಿ’ಯ ಕಥೆ ನೋಡಿ. 2021ರ ಮಾರ್ಚಿನಲ್ಲಿ ಬಂದ ಈ ತಮಿಳು ಹಾಡು ಕೋಟಿಗಟ್ಟಲೆ ಸಲ ಕೇಳಿಸಿಕೊಂಡಿತು. ಚಹಾ ತೋಟದಲ್ಲಿ ದುಡಿದ ಅಜ್ಜಿಯ ಬದುಕನ್ನು ಹಾಡಿಗೆ ತಂದವನು ರ್‍ಯಾಪರ್ ಅರಿವು. ಅದೇ ವರ್ಷದ ಆಗಸ್ಟಿನಲ್ಲಿ ರೋಲಿಂಗ್ ಸ್ಟೋನ್ ಇಂಡಿಯಾದ ಮುಖಪುಟದಲ್ಲಿ ಅವನ ಜೊತೆ ಹಾಡಿದವರಿದ್ದರು, ಅವನಿರಲಿಲ್ಲ. ಚಿತ್ರ ನಿರ್ದೇಶಕ ಪಾ. ರಂಜಿತ್ ಸೇರಿ ಹಲವರು ಬಹಿರಂಗವಾಗಿ ಕೇಳಿದ ಮೇಲೆ ಅವನ ಚಿತ್ರವಿದ್ದ ಡಿಜಿಟಲ್ ಮುಖಪುಟ ಬಂತು. 2024ರಲ್ಲಿ ಸಂಗೀತ ನಿರ್ಮಾಪಕ ಸಂತೋಷ್ ನಾರಾಯಣನ್, ಆ ಹಾಡಿನಿಂದ ತಮಗೆ ಈವರೆಗೆ ಒಂದು ಪೈಸೆಯೂ ಬಂದಿಲ್ಲವೆಂದರು. ಅಷ್ಟು ದೊಡ್ಡ ಹಾಡಿಗೇ ಹೀಗಾದರೆ ದೇವದುರ್ಗದ ಹುಡುಗನ ಗತಿ? 2012ರ ಕಾಪಿರೈಟ್ ತಿದ್ದುಪಡಿ ಸಾಹಿತ್ಯ ಬರೆದವರಿಗೂ ಸಂಗೀತ ಮಾಡಿದವರಿಗೂ ರಾಯಲ್ಟಿಯ ಹಕ್ಕನ್ನು ಗಟ್ಟಿಮಾಡಿದೆ. ರಾಯಲ್ಟಿ ವಸೂಲು ಮಾಡಿ ಹಂಚುವ ಸಂಘವಾದ ಐಪಿಆರ್‌ಎಸ್‌ನ ಸದಸ್ಯರಾದರೆ ಅದನ್ನು ಪಡೆಯುವ ದಾರಿಯಿದೆ. ಯಾರು ಬರೆದರು, ಯಾರ ಬೀಟು, ಪಾಲು ಎಷ್ಟೆಷ್ಟು ಎಂಬ ಒಂದು ಹಾಳೆ ಹಾಡು ಹೊರಬರುವ ಮುಂಚೆ ಸಹಿಯಾಗಿರಬೇಕು. ಆ ಹಾಳೆಯ ಮಾದರಿಯನ್ನು ಸರಳ ಕನ್ನಡದಲ್ಲಿ ಅಚ್ಚು ಹಾಕಿ ಹಂಚುವ ಮಾಧ್ಯಮ ಹತ್ತು ವಿಮರ್ಶೆಗಿಂತ ದೊಡ್ಡ ಉಪಕಾರ ಮಾಡಿದಂತೆ.

ತಪ್ಪು ಕಲ್ಪನೆ: ಇದೆಲ್ಲ ಕುಡಿತ, ಹೊಡೆದಾಟ, ಹುಡುಗಿಯರನ್ನು ಹಳಿಯುವ ಹಾಡು. ಮರ್ಯಾದಸ್ಥರ ಕೆಲಸವಲ್ಲ.

ವಾಸ್ತವ: ಆರೋಪದಲ್ಲಿ ಹುರುಳಿಲ್ಲವೆಂದು ನಾನು ಹೇಳುವುದಿಲ್ಲ. ಜಮೈಕಾದ ಡಾನ್ಸ್‌ಹಾಲ್ ಸಂಗೀತದಲ್ಲಿ ಸಲಿಂಗಿಗಳ ಮೇಲೆ ಹಿಂಸೆಗೆ ಕರೆಕೊಟ್ಟ ಹಾಡುಗಳು ಬಂದಿವೆ, ಅಮೆರಿಕದ ರ್‍ಯಾಪಿನಲ್ಲಿ ಹೆಣ್ಣನ್ನು ಕೀಳಾಗಿ ಕಂಡದ್ದಕ್ಕೆ ಲೆಕ್ಕವಿಲ್ಲ, ನಮ್ಮ ಜಾನಪದ ಡಿಜೆ ಹಾಡುಗಳಲ್ಲಿ ಕೈಕೊಟ್ಟ ಹುಡುಗಿಯನ್ನು ಬೈಯುವುದೇ ಒಂದು ಪ್ರಕಾರವಾಗಿದೆ. ಅದನ್ನು ಹೆಸರು ಹಿಡಿದು ತಪ್ಪೆನ್ನುವ ಧೈರ್ಯ ಒಳಗಿನ ಮಾಧ್ಯಮಕ್ಕೆ ಬೇಕು. ಹೊರಗಿನವರು ಬೈದರೆ ಹುಡುಗರು ಕಿವಿಗೊಡುವುದಿಲ್ಲ, ತಮ್ಮ ಹಾಡನ್ನು ಪ್ರೀತಿಯಿಂದ ಕೇಳಿದವರು ಹೇಳಿದರೆ ಕೇಳುತ್ತಾರೆ.

ಹೆಂಗಸರಿಗೆ ಇಲ್ಲಿ ಜಾಗವಿಲ್ಲ ಎನ್ನುವುದು ಮಾತ್ರ ಚರಿತ್ರೆಗೆ ಮಾಡಿದ ಅನ್ಯಾಯ. ಮೊದಲ ಪಾರ್ಟಿ ಏರ್ಪಡಿಸಿದವಳು ಸಿಂಡಿ. 1979ರಲ್ಲಿ ರ್‍ಯಾಪನ್ನು ಜಗತ್ತಿನ ಕಿವಿಗೆ ಮುಟ್ಟಿಸಿದ ‘ರ್‍ಯಾಪರ್ಸ್ ಡಿಲೈಟ್’ ರೆಕಾರ್ಡಿನ ನಿರ್ಮಾಪಕಿ ಸಿಲ್ವಿಯಾ ರಾಬಿನ್ಸನ್. ಕನ್ನಡದಲ್ಲಿ ಸಿರಿ ರ್‍ಯಾಪ್ ಮಾಡುತ್ತಾರೆ, ಗಿರಿಜಾ ಸಿದ್ಧಿ ರಂಗಭೂಮಿಯಿಂದ ಬಂದು ಹಾಡುತ್ತಾರೆ. ರಾಯಚೂರಿನ ಹತ್ತಿ ಹೊಲದಲ್ಲಿ ಬಿಸಿಲಲ್ಲಿ ದುಡಿಯುವ ಹೆಣ್ಣುಮಗಳಿಗೆ ಹೇಳಲು ಏನೂ ಇಲ್ಲವೆಂದು ಯಾರು ನಂಬುತ್ತಾರೆ? ಕೇಳುವ ಮೈಕು ಅವಳ ಮುಂದೆ ಹೋಗಿಲ್ಲ. ಅದು ಹೋಗದಿರುವುದಕ್ಕೆ ಹೊಣೆ ಮೈಕು ಹಿಡಿದವರದು.

ತಪ್ಪು ಕಲ್ಪನೆ: ಬೆಳೆಯಬೇಕಾದರೆ ಬೆಂಗಳೂರಿಗೆ ಹೋಗಲೇಬೇಕು.

ವಾಸ್ತವ: ಬೆಂಗಳೂರಿನ ಸಾಧನೆ ದೊಡ್ಡದೇ. ಬ್ರೋಧಾ ವಿ 2012ರಲ್ಲಿ ‘ಆತ್ಮ ರಾಮ’ ತಂದರು. ಎಂ.ಸಿ. ಬಿಜ್ಜು, ಗುಬ್ಬಿ, ರಾಹುಲ್ ಡಿಟ್-ಒ, ಆಲ್ ಓಕೆ ಕನ್ನಡದಲ್ಲೇ ನಿಂತು ಕೇಳುಗರನ್ನು ಕಟ್ಟಿಕೊಂಡರು. ಕೇರಳದಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ನೆಲೆನಿಂತ ಹನುಮಾನ್‌ಕೈಂಡ್ 2024ರಲ್ಲಿ ‘ಬಿಗ್ ಡಾಗ್ಸ್’ ಹಾಡಿನಿಂದ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯ 23ನೆಯ ಸ್ಥಾನಕ್ಕೆ ಹೋದರು. ಆದರೆ ಬೆಂಗಳೂರಿನ ಮಾಧ್ಯಮ ಬೆಂಗಳೂರನ್ನು ನೋಡುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗಕ್ಕೆ ನೀರು ಮುಟ್ಟದೆ ಮಾನ್ವಿಯ ಭತ್ತ ಒಣಗಿದ್ದನ್ನು, ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರದ ಹಾರುಬೂದಿ ಬಟ್ಟೆಯ ಮೇಲೆ ಕೂತದ್ದನ್ನು ಹಾಡಿದವನ ಸಾಲು ಅಲ್ಲಿ ಯಾರಿಗೂ ಸುದ್ದಿಯಲ್ಲ.

ಉತ್ತರ ಕರ್ನಾಟಕದ ಜಾನಪದ ಹಾಡುಗಾರರು ಈ ಪಾಠವನ್ನು ಎಂದೋ ಕಲಿತಿದ್ದಾರೆ. ಗುರುರಾಜ ಹೊಸಕೋಟೆ ಕ್ಯಾಸೆಟ್ಟಿನ ಕಾಲದಲ್ಲೇ ಊರ ಮಾತಿನಲ್ಲಿ ಹಾಡಿ ಮನೆಮಾತಾದರು. ಈಚೆಗೆ ಮಾಳು ನಿಪನಾಳ ಹಾಡಿದ ‘ನಾ ಡ್ರೈವರಾ ನೀ ನನ್ನ ಲವ್ವರಾ’ ಬೆಂಗಳೂರಿನ ಪಾರ್ಟಿಗಳವರೆಗೂ ಹೋಯಿತು. ರಾಯಚೂರಿನಲ್ಲಿ ಆಕಾಶವಾಣಿ ಕೇಂದ್ರವಿದೆ, ‘ಸುದ್ದಿಮೂಲ’ದಂಥ ದಿನಪತ್ರಿಕೆ ಇಲ್ಲಿಂದಲೇ ಹೊರಡುತ್ತದೆ, ವಚನಗಳನ್ನು ಹಿಂದುಸ್ತಾನಿಯಲ್ಲಿ ಹಾಡಿದ ಪಂಡಿತ ಸಿದ್ಧರಾಮ ಜಂಬಲದಿನ್ನಿಯವರ ಹೆಸರಿನ ರಂಗಮಂದಿರವಿದೆ. ಕಟ್ಟಡ, ಅಚ್ಚು, ಅಲೆ ಮೂರೂ ಇರುವ ಊರು ಇದು.

ಕೇಳುಗರು ಎಲ್ಲಿದ್ದಾರೆ ಎಂಬುದನ್ನೂ ಯೋಚಿಸಬೇಕು. ‘ವೆಸ್ಟ್ ಇಂಡಿಯನ್ ಗೆಜೆಟ್’ನ ಓದುಗರು ದ್ವೀಪಗಳಲ್ಲಿರಲಿಲ್ಲ, ಲಂಡನ್ನಿನ ಬಾಡಿಗೆ ಕೋಣೆಗಳಲ್ಲಿದ್ದರು. ದೇವದುರ್ಗದ ಹಾಡನ್ನು ಕೇಳುವವರಲ್ಲಿ ಎಷ್ಟೋ ಮಂದಿ ಬೆಂಗಳೂರಿನ ಕಟ್ಟಡ ಕೆಲಸದ ತಗಡಿನ ಶೆಡ್ಡುಗಳಲ್ಲಿದ್ದಾರೆ, ಹೈದರಾಬಾದಿನಲ್ಲಿದ್ದಾರೆ, ಪುಣೆಯಲ್ಲಿದ್ದಾರೆ. ರಾತ್ರಿ ಅಡುಗೆಯಾದ ಮೇಲೆ ಫೋನು ತೆರೆದು ಊರಿನ ಮಾತು ಹುಡುಕುವವರು ಅವರು. ಆ ಕೇಳುಗರಿಗಾಗಿ ರಾಯಚೂರಿನಲ್ಲಿ ಮಾಧ್ಯಮ ಕಟ್ಟುವವರು ಪ್ರಕಟಣೆಯ ವೇಳಾಪಟ್ಟಿಯನ್ನೂ ಅವರ ಬದುಕಿಗೆ ಹೊಂದಿಸಿಕೊಳ್ಳಬೇಕು. ಗುಳೆ ಹೋದವರು ತಿರುಗಿ ಊರಿಗೆ ಬರುವುದು ಯುಗಾದಿಗೆ, ಜಾತ್ರೆಗೆ, ಮೊಹರಂಗೆ. ಮುದಗಲ್ಲಿನ ಮೊಹರಂಗೆ ದೂರದೂರದಿಂದ ಜನ ಸೇರುತ್ತಾರೆ. ಬೆಂಗಳೂರಿನ ಶೆಡ್ಡಿನಲ್ಲಿ ಬರೆದದ್ದನ್ನು ಹಾಡುವವರೂ, ಮೂವತ್ತು ವರ್ಷದಿಂದ ರಿವಾಯತ್ ಹಾಡಿಕೊಂಡು ಬಂದವರೂ ಒಂದೇ ಊರಿನಲ್ಲಿ ಸಿಗುವುದು ಆಗಲೇ. ಧ್ವನಿಮುದ್ರಣ, ಹೆಸರು-ಊರಿನ ದಾಖಲೆ, ಪಾಲಿನ ಹಾಳೆಗೆ ಸಹಿ, ಈ ಮೂರಕ್ಕೂ ಅದೇ ಹೊತ್ತು.